ಇಸ್ತ್ರಿ ಹೂತಿಟ್ಟದ್ದು

ರಾಮ್‌ಸೂರತನ ಇಸ್ತ್ರಿ ಮೇಜಿನ ಕೆಳಗೆ
ಮಾಸಿದ ಬಟ್ಟೆಗಳ ಗಂಟಿನಲ್ಲಿ ಹುಟ್ಟಿದವಳು.
ಬೆನ್ನ ಮೇಲೆ ಕಂದು ಮಚ್ಚೆ,
ಬಿಳಿ ಅಂಗಿಯ ಮೇಲೆ ಯಾರೋ ಕಾದ ಪೆಟ್ಟಿಗೆ ಮರೆತು ಹೋದ ಹಾಗೆ.
ಹೆಸರಿಡಲು ನಾವು ಹೆಚ್ಚೇನೂ ಯೋಚಿಸಲಿಲ್ಲ.

ಮುಲುಂಡ್ ಪೂರ್ವ, ನೆಲಮಹಡಿ, ಮೂರನೇ ಮನೆ.
ಹಿಂಬಾಗಿಲಿಗೆ ಒಂದು ಪಟ್ಟಿ ಮಣ್ಣು:
ಅತ್ತ ಕಾಂಪೌಂಡು, ಇತ್ತ ಮೋರಿ ಪೈಪು,
ಅಡ್ಡ ಮಲಗಿದರೆ ನನ್ನ ಕಾಲು ಗೋಡೆಗೆ ತಾಗುತ್ತದೆ.
ಅದನ್ನೇ ತೋಟವೆಂದು ಕರೆದು
ಹದಿನಾಲ್ಕು ವರ್ಷ ಆಳಿದೆವು, ಅವಳೂ ನಾನೂ.
ಆಳಿದ್ದು ನಾನು. ಅಗೆದದ್ದು ಅವಳು.

ಅರಿಸಿನ ಊರಿದರೆ ಮರುದಿನ ಗುಂಡಿ.
ಸುಗಂಧರಾಜದ ಗಡ್ಡೆಯನ್ನು ಕಚ್ಚಿಕೊಂಡು
ಮೆಟ್ಟಿಲ ಮೇಲೆ ಕೂತು
ನ್ಯಾಯ ಕೇಳಬಂದವಳ ಹಾಗೆ ನನ್ನನ್ನೇ ನೋಡುವಳು.
ಬೈಯದ ಬೈಗುಳ ಉಳಿದಿಲ್ಲ:
ಮನೆಹಾಳಿ, ಮಣ್ಣುಮುಕ್ಕಿ, ಮುನ್ಸಿಪಾಲಿಟಿ.
ಮುನ್ಸಿಪಾಲಿಟಿ ಎಂದಾಗ ಮಾತ್ರ
ಬಾಲ ಅಲ್ಲಾಡುತ್ತಿತ್ತು.

ಮೇ ತಿಂಗಳ ಸೆಕೆ, ಮಂಗಳವಾರ,
ಕರಿಬೇವಿನ ಬುಡದ ತಂಪಿಗೆ ಹೊಟ್ಟೆ ಆನಿಸಿ ಮಲಗಿದ್ದವಳು
ಸಂಜೆಯ ಹಾಲಿಗೆ ಏಳಲಿಲ್ಲ.
ಇಲ್ಲಿ ಹೂಳುವಂತಿಲ್ಲ ಎಂದಿತು ಸೊಸೈಟಿ.
ಹಾಗಾಗಿ ಒಂದು ವ್ಯಾನು, ಒಂದು ರಸೀದಿ,
ಹೆಸರಿನ ಜಾಗದಲ್ಲಿ ‘ಶ್ವಾನ, ಹೆಣ್ಣು’.
ರಾಮ್‌ಸೂರತ್ ಬೆಚ್ಚಗೆ ಮಡಿಸಿದ ಚಾದರ ತಂದುಕೊಟ್ಟ,
ಗೆರೆ ಇನ್ನೂ ಆರಿರಲಿಲ್ಲ.
ದುಡ್ಡು ಕೊಡಹೋದರೆ
ಕೆಂಡ ಕೆದಕುತ್ತಲೇ ಇದ್ದ, ಇತ್ತ ತಿರುಗಲಿಲ್ಲ.

ಆಮೇಲೆ ತೋಟಕ್ಕೆ ಶಿಸ್ತು ಬಂತು.
ಸಾಲು ಸಾಲು, ಶಾಲೆಯ ಪ್ರಾರ್ಥನೆಯ ಹಾಗೆ,
ಯಾವುದೂ ಅಲುಗದು.
ಗುಂಡಿಗಳನ್ನೆಲ್ಲ ಮುಚ್ಚಿದೆ.
ಕರಿಬೇವಿನ ಬುಡದ ಆ ತಗ್ಗಿಗೆ ಮಾತ್ರ
ಮಣ್ಣು ಸಾಲಲಿಲ್ಲ ಎಂದೆ ಪಕ್ಕದ ಸೀಮಂತಿನಿಬಾಯಿಗೆ.
ಸಾಲುತ್ತಿತ್ತು.

ಮೊದಲ ಮಳೆ ಬಿದ್ದು ಹತ್ತೋ ಹನ್ನೆರಡೋ ದಿನ.
ಮೀಟರ್ ಪೆಟ್ಟಿಗೆಯ ಅಡಿಯಲ್ಲಿ ಒಂದು ಹಸಿರು ಸುರುಳಿ.
ತುದಿ ಚಿವುಟಿ ಮೂಸಿದೆ: ಅರಿಸಿನ.
ಅಲ್ಲಿ ನಾನು ನೆಟ್ಟವಳಲ್ಲ.
ಮರುದಿನ ಮೋರಿ ಪೈಪಿನ ಮಗ್ಗುಲಿಗೆ ಎರಡು,
ಸೈಕಲ್ಲು ನಿಲ್ಲಿಸುವ ಸಂದಿಯಲ್ಲಿ ಸುಗಂಧರಾಜ,
ತುಳಸಿ ಕುಂಡದ ಹಿಂದೊಂದು,
ಕಾಂಪೌಂಡಿನ ಆಚೆಗೂ ಒಂದು!
ಅಷ್ಟು ದೂರ ಯಾವಾಗ ಹೋಗಿದ್ದಳು,
ಗೇಟು ತೆರೆದವರು ಯಾರು?

ಕದ್ದದ್ದನ್ನೆಲ್ಲ ಹೂತಿಟ್ಟಿದ್ದಾಳೆ,
ಮುಂದೊಂದು ಹಸಿವಿಗೆ ಇರಲಿ ಎಂದು.
ಎಲುಬಿಗೂ ಗಡ್ಡೆಗೂ ಅವಳಿಗೆ ಭೇದವಿರಲಿಲ್ಲ.
ಮಳೆಗೆ ಇತ್ತು.

ನಾಗರಪಂಚಮಿಗೆ ಮೀಟರ್ ಪೆಟ್ಟಿಗೆಯ ಎಲೆ ಕೊಯ್ದು
ಕಡುಬು ಬೇಯಿಸಿದೆ.
ಮುಚ್ಚಳ ಎತ್ತಿದರೆ ಮೆಟ್ಟಿಲ ತನಕ ಆ ಘಮ.
ರಾಮ್‌ಸೂರತ್ ಎಲೆ ಬಿಡಿಸದೆಯೇ ಬಾಯಿಗಿಟ್ಟ,
ಪಾಪ, ಹೇಳಿಕೊಟ್ಟವರಿಲ್ಲ.
ಒಂದನ್ನು ಅಭ್ಯಾಸಬಲದಿಂದ ಹೊಸ್ತಿಲಾಚೆ ಇಟ್ಟುಬಿಟ್ಟಿದ್ದೆ.
ಬುಲ್‌ಬುಲ್ ಒಂದು ಇಳಿದು ಬೆಲ್ಲ ಕುಕ್ಕಿತು.
ಓಡಿಸಲಿಲ್ಲ.

ನಿನ್ನೆ ಕಳೆ ಕೀಳುವಾಗ
ಬೆರಳಿಗೆ ಬೇರಲ್ಲದ ಏನೋ ತಡೆಯಿತು.
ಎಳೆದರೆ ರಬ್ಬರು.
ಓಜಸನ ಎಡಗಾಲ ಚಪ್ಪಲಿ,
ನೀಲಿ ಪಟ್ಟಿ, ಹಿಮ್ಮಡಿಯಲ್ಲಿ ಹಲ್ಲಿನ ಗುರುತು.
ಆರು ವರ್ಷದ ಹಿಂದೆ ಕಟ್ಟಡವೆಲ್ಲ ಹುಡುಕಿ
ಕೊನೆಗೆ ಹಾಲಿನ ಹುಡುಗನ ಮೇಲೆ ಗುಮಾನಿ ಹೊರಿಸಿದ್ದೆವು.
ಈಗ ಓಜಸನ ಪಾದ ನನ್ನದಕ್ಕಿಂತ ದೊಡ್ಡದು.
ಮಣ್ಣಲ್ಲಿ ಕೂತಲ್ಲೇ ನಕ್ಕೆ,
ಮೇಲಿನ ಕಿಟಕಿಯೊಂದು ತೆರೆದು
ಏನಾಯ್ತು ಎಂದು ಕೇಳುವ ತನಕ.

ಅದನ್ನು ಅಲ್ಲೇ ಇಟ್ಟು
ಎರಡೂ ಕೈಯಿಂದ ಗಡಿಬಿಡಿಯಲ್ಲಿ ಮಣ್ಣೆಳೆದೆ,
ಯಾರಾದರೂ ಕಂಡಾರೆಂಬ ಹಾಗೆ.
ಚಪ್ಪಲಿ ಚಿಗುರುವುದಿಲ್ಲ, ಅಷ್ಟು ಗೊತ್ತು.
ಆದರೂ ಒಂದು ಚೊಂಬು ನೀರು ಹಾಕಿ
ಎದ್ದೆ.