ಹಿಂಬಾಗಿಲ ಬಟ್ಟೆ

ಬಂದರಿನಲ್ಲಿ ಹಗ್ಗದಂಗಡಿಗೂ ಒಣಮೀನಿನ ಗೋದಾಮಿಗೂ ನಡುವೆ
ಆರಡಿ ಅಗಲದ ನನ್ನ ರಿಪೇರಿ ಅಂಗಡಿ.
ಕರೆಂಟು ಬಂದ ಹೊತ್ತಿಗೇ ದೂಮಪ್ಪಣ್ಣ ಬಂದರು,
ಬರಲೊಲ್ಲದ ನಾಯಿಯನ್ನು ಎಳೆದ ಹಾಗೆ
ಎಳೆದುಕೊಂಡು ಒಂದು ವ್ಯಾಕ್ಯೂಮ್ ಕ್ಲೀನರ್.
ಉಕ್ಕಿನ ಉದ್ದ ಡಬ್ಬಿ, ಅಡಿಗೆ ಎರಡು ಜಾರುಪಟ್ಟಿ,
ಹಸಿರು ಬಣ್ಣ ಅಲ್ಲಲ್ಲಿ ಹಪ್ಪಳ ಎದ್ದಿದೆ.
ನನಗಿಂತ ಎರಡು ವರ್ಷ ದೊಡ್ಡದು.

ಮೂವತ್ತೊಂದು ವರ್ಷ ಇದರಲ್ಲಿ ಅವರು
ಟಾಕೀಸಿನ ಬಾಲ್ಕನಿಯ ಕೆಂಪು ಸೀಟುಗಳಿಂದ
ಕಡಲೆಸಿಪ್ಪೆ, ಮಲ್ಲಿಗೆ ಎಸಳು, ಬೀಡಿಬೂದಿ ಎಳೆದದ್ದು.
ಟಾಕೀಸು ಮುಚ್ಚಿದಾಗ ಮೂರು ತಿಂಗಳ ಸಂಬಳದ ಬದಲು
ಮ್ಯಾನೇಜರು ಇದನ್ನೇ ಕೊಟ್ಟದ್ದು.
ಈಗ ಕಂಕನಾಡಿಯ ಫ್ಲಾಟುಗಳಲ್ಲಿ ಸೋಫಾ ಕ್ಲೀನಿಂಗು.

"ನಿನ್ನೆ ಒಂದು ಮನೆಯಲ್ಲಿ ಮರ್ಯಾದೆ ಹೋಯ್ತು ಮಾರಾಯ್ರೆ.
ಸೋಫಾ ಏನೋ ಚೊಕ್ಕ ಆಯ್ತು,
ಹಿಂದೆ ತಿರುಗಿ ನೋಡ್ತೇನೆ, ಬಿಳಿ ಪರದೆಗೆ
ಕಾಡಿಗೆ ಊದಿದ ಹಾಗೆ ಕಪ್ಪು!
ಆ ಬಾಯಮ್ಮ ನನ್ನಿಂದಲೇ ಪರದೆ ಒಗೆಸಿದರು.
ಚೀಲ ದಿನಾ ಕೊಡವುತ್ತೇನೆ, ದೇವರಾಣೆ."

ಚೀಲದ ತಪ್ಪಲ್ಲ. ಹಿಂದಿನ ಮುಚ್ಚಳ ತಿರುಗಿಸಿದೆ.
ಮೊದಲು ಹಠ ಹಿಡಿಯಿತು, ಆಮೇಲೆ ಗರ್ರೆಂದು ಬಂತು.
ಗಾಳಿ ಹೊರಹೋಗುವ ಜಾಗದಲ್ಲಿ ಒಂದು ತಂತಿಬಳೆ,
ಬಳೆಯ ಅಂಚಿಗೆ ನಾಲ್ಕು ಎಳೆ ಉಣ್ಣೆ:
ಒಂದು ಕಾಲದ ಫಿಲ್ಟರಿನ ಗಡ್ಡ.

ಬೆರಳೊತ್ತಿ ತೋರಿಸಿದೆ.
ಇದು ಸೋಫಾದ ಧೂಳಲ್ಲ ದೂಮಪ್ಪಣ್ಣ,
ಕಂಕನಾಡಿಯ ಕೆಂಪುಮಣ್ಣೂ ಅಲ್ಲ.
ಮೋಟರಿನೊಳಗೆ ಎರಡು ಕರಿತುಂಡು ಉಂಟು, ಕಾರ್ಬನ್ನು;
ತಿರುಗುವ ತಾಮ್ರಕ್ಕೆ ಕೆನ್ನೆಯೊತ್ತಿ
ತಿರುಗಿದಷ್ಟೂ ತೇಯುತ್ತವೆ.
ಗಂಧದ ಹಾಗೆ ಅನ್ನಬೇಡಿ, ವಾಸನೆ ಸುಟ್ಟ ರಬ್ಬರಿನದ್ದು.
ಊರ ಧೂಳು ಚೀಲಕ್ಕೆ. ಇದರದ್ದೇ ಧೂಳು ಬಟ್ಟೆಗೆ.
ಬಟ್ಟೆ ಹರಿದರೆ ಪರದೆಗೆ.

ಅವರು ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.
"ಇಷ್ಟು ವರ್ಷ ಮುಂದಿನ ತುದಿ ಹಿಡಿದವ ನಾನು,
ಹಿಂದೆ ಇಂಥದ್ದೊಂದು ಉಂಟೂಂತ..."
ಕೆಮ್ಮಿದರು. ಚಾ ಬಂತು.

ಸಿಗುವ ಮಾಲಲ್ಲ ಇದು. ಮಾಡಿದ ಕಂಪೆನಿಯೇ ಇಲ್ಲ.
ಕಂಬಳಿ ತುಂಡು ಹೊಲಿದು ನೋಡಿದೆ: ಮಸಿ ನಿಂತಿತು,
ಗಾಳಿಯೂ ನಿಂತಿತು, ಐದೇ ನಿಮಿಷಕ್ಕೆ
ಡಬ್ಬಿಯ ಬೆನ್ನು ಕಾದ ಕಾವಲಿ.
ಚಾ ಸೋಸುವ ಬಟ್ಟೆ: ಗಾಳಿ ಸಲೀಸು, ಮಸಿಯೂ ಸಲೀಸು.
ತಡೆಯಬೇಕು, ಕುತ್ತಿಗೆ ಹಿಸುಕಬಾರದು.
ಇಂಥ ಬಟ್ಟೆಯನ್ನು ಯಾವ ಜವಳಿಯಂಗಡಿಯಲ್ಲಿ ಕೇಳಲಿ?

ಸಂಜೆ ಮತ್ತೆ ಬಂದರು, ಕಂಕುಳಲ್ಲಿ ಕಾಗದದ ಪೊಟ್ಟಣ.
ಟಾಕೀಸಿನ ಪರದೆಯ ಹಿಂದಿದ್ದ ಸ್ಪೀಕರಿನ ಹೊದಿಕೆ,
ಕೆಡಹುವವರಲ್ಲಿ ಕೇಳಿ ಕತ್ತರಿಸಿ ತಂದದ್ದು.
"ಇದರಿಂದ ಮಾತು ಹೊರಗೆ ಬರ್ತಿತ್ತು,
ಜಿರಳೆ ಒಳಗೆ ಹೋಗ್ತಿರಲಿಲ್ಲ. ನೋಡಿ, ಆಗ್ತದಾ?"

ಎರಡು ಪದರ, ನಡುವೆ ತೆಳು ಫ್ಲಾನೆಲ್,
ಬಳೆಗೆ ಸುತ್ತಿ ಬಲೆಯ ನೂಲಿನಲ್ಲಿ ಬಿಗಿದೆ.
ಸ್ವಿಚ್ಚು ಒತ್ತಿದರೆ ಅದೇ ಹಳೆಯ ಗೋಳು ಓಣಿ ತುಂಬ,
ಗೋದಾಮಿನ ಬೆಕ್ಕು ಓಡಿತು.
ದೂಮಪ್ಪಣ್ಣ ಉಟ್ಟ ಮುಂಡಿನ ಅಂಚನ್ನೇ
ಹಿಂಬಾಗಿಲಿಗೆ ಹಿಡಿದು ನಿಂತರು, ಕಣ್ಣು ಮುಚ್ಚಿ,
ಒಂದು, ಎರಡು, ಮೂರು ನಿಮಿಷ.
ಮುಂಡಿನ ಮೇಲೆ ಒಂದು ಬೂದುಚುಕ್ಕೆ,
ಹುಡುಕಿದರೆ ಮಾತ್ರ.

"ಆ ಕರಿತುಂಡು ಇನ್ನೆಷ್ಟು ಬಾಕಿ?"
ಹೆಬ್ಬೆರಳ ಉಗುರಿನರ್ಧ, ಎಂದೆ.
ಆ ಅಳತೆಯದ್ದು ಈಗ ಬರುವುದಿಲ್ಲ.
ದಿನಕ್ಕೆ ಎರಡು ಸೋಫಾ ಆದರೆ ಎರಡು ವರ್ಷ.
ಅವರು ಬೆರಳು ಮಡಚಿದರು, ಬಿಡಿಸಿದರು:
"ಒಂದೇ ಸೋಫಾ ಆದರೆ?"