ಹಿಂದಿನಂತೆಯೇ

ನಮ್ಮ ಕೋಡೆಕ್ಕಿನ ಭಾಷೆಯಲ್ಲಿ
ಅತಿ ಅಗ್ಗದ ಮಾತು ಒಂದೇ: ಹಿಂದಿನಂತೆಯೇ.
ಚೌಕ ಬದಲಾಗಿಲ್ಲವೆ? ಒಂದು ಬಿಟ್ಟಿಗೂ ಕಡಿಮೆ ಖರ್ಚು.
ಪಕ್ಕದ್ದು? ಹಿಂದಿನಂತೆಯೇ.
ಅದರ ಪಕ್ಕದ್ದೂ ಹಾಗೇ ಅನ್ನು, ಸಾಗು.

ಟ್ರೊಂಡ್‌ಹೈಮಿನ ಮೂರನೇ ಮಹಡಿಯಲ್ಲಿ
ನಾನೂ ಹಾಲ್ವರ್ಡನೂ ನಾಲ್ಕು ಚಳಿಗಾಲ
ಇದನ್ನೇ ತಿದ್ದುತ್ತಿದ್ದೆವು: ಚಿತ್ರವನ್ನು ತೂರುವುದು,
ಹೊಟ್ಟು ಗಾಳಿಗೆ, ಕಾಳು ತಂತಿಗೆ.
ತಂತಿಯೂ ಅಲ್ಲ. ಬೋಟ್ಸ್‌ಫ್ಯೋರ್ಡಿನ ಆಚೆ ತುದಿಯ ಬಂಡೆಯಿಂದ
ಇರುವುದೊಂದು ಬಡಕಲು ರೇಡಿಯೊ ದಾರಿ;
ಸೂಜಿಕಣ್ಣಿನಲ್ಲಿ ಸಮುದ್ರ ದಾಟಿಸಬೇಕು.

ಸಮುದ್ರ ಸುಲಭ. ಅಲೆ ನಡೆದರೆ
ನಡೆದಷ್ಟನ್ನೇ ಬರೆ: ಮೂರು ಹೆಜ್ಜೆ ಬಲಕ್ಕೆ, ಒಂದು ಕೆಳಕ್ಕೆ.
ಕತ್ತಲು ಇನ್ನೂ ಸುಲಭ. ನವೆಂಬರ್ ಕೊನೆಯಿಂದ
ಅಲ್ಲಿ ಸೂರ್ಯನೇ ಏಳುವುದಿಲ್ಲ,
ಕಪ್ಪಿನ ಪಕ್ಕ ಕಪ್ಪು, ಬಿಟ್ಟು ಬೇಡದ ಬಿಟ್ಟಿ ಸರಕು.
ಕಷ್ಟವೆಲ್ಲ ಹಿಮದ್ದು.
ಒಂದೆಸಳು ಇನ್ನೊಂದರಂತಿಲ್ಲ,
ಯಾವುದು ಎಲ್ಲಿಂದ ಬಂತೆಂದು ಊಹಿಸಲಾಗದು,
ಮದುವೆಮನೆಗೆ ಕರೆಯದೆ ಬಂದ ನೆಂಟರ ಹಾಗೆ
ಪ್ರತಿಯೊಂದೂ ತನ್ನ ಪಾಲು ಕೇಳುತ್ತದೆ.
ಹಿಮಕ್ಕೆ ಬಡಿಸುತ್ತ ಕೂತರೆ ಸಮುದ್ರಕ್ಕೆ ಅನ್ನವಿಲ್ಲ.

ಹಾಗಾಗಿ ಒಂದು ಹೊಸ್ತಿಲು ಕಟ್ಟಿದೆವು.
ಇಷ್ಟಕ್ಕಿಂತ ಮಂಕಾದ ಅಲುಗಾಟ ಒಳಗೆ ಬರಕೂಡದು.
ಪರೀಕ್ಷೆಯಲ್ಲಿ ಮೂವತ್ತೆಂಟು ಡೆಸಿಬೆಲ್.
ಹಾಲ್ವರ್ಡ್ ಅಂದು ಕೇಕು ತಂದಿದ್ದ.

ಗುಡ್‌ಲೌಗ್‌ಗೆ ಡೆಸಿಬೆಲ್ ಗೊತ್ತಿಲ್ಲ.
ಬಂದರಿನ ಕಾವಲು ಕೋಣೆ, ರಾತ್ರಿಪಾಳಿ, ಇಪ್ಪತ್ತಾರು ವರ್ಷ.
ಫೋನಿನಲ್ಲಿ ಅವಳ ಮೊದಲ ಮಾತು:
"ಬೆಳಕು ಕುಪ್ಪಳಿಸುವುದಿಲ್ಲ, ಹುಡುಗಿ.
ದೋಣಿ ತೇಲುತ್ತದೆ, ಇಲ್ಲವೇ ಮುಳುಗುತ್ತದೆ.
ನಿಮ್ಮ ಪರದೆಯಲ್ಲಿ ಮಾತ್ರ
ಎಲ್ಲಿಯೂ ಇಲ್ಲದ ದೀಪ ತಟ್ಟನೆ ಬಂಡೆಯ ಬುಡದಲ್ಲಿತ್ತು."

ಕ್ಯಾಮೆರಾದ ಮೂಲ ಕಡತ ತರಿಸಿ ನೋಡಿದೆ.
ಹಾವ್‌ಸೂಲಾ ಎಂಬ ದೋಣಿ, ಯಂತ್ರ ಕೆಟ್ಟು, ಬ್ಯಾಟರಿ ಸೋತು,
ಒಂದು ಮಿಣುಕು ಹೊತ್ತು ಹಿಮದೊಳಗೆ ಬರುತ್ತಿದೆ.
ಎರಡು ಪಿಕ್ಸೆಲ್ ಅಗಲ, ಸಾಸಿವೆ ದೊಡ್ಡದು.
ನಮ್ಮ ಹೊಸ್ತಿಲಿಗೆ ಬಂದು ನಿಂತಿದೆ,
ಬಾಗಿಲು ತಟ್ಟಿದೆ,
ಒಳಗಿನಿಂದ ನನ್ನದೇ ದನಿ: ಹಿಂದಿನಂತೆಯೇ.
ಹಿಂದಿನಂತೆಯೇ.
ಹನ್ನೊಂದು ನಿಮಿಷ.
ಆಮೇಲೆ ಇಡೀ ಚೌಕಟ್ಟನ್ನು ಹೊಸದಾಗಿ ಬರೆವ ಸರದಿ ಬಂತು
(ಅದನ್ನೂ ಉಳಿತಾಯಕ್ಕೆಂದು ನಾವೇ ಅಪರೂಪ ಮಾಡಿದ್ದೆವು),
ಆಗ ಕಂಡಿತು.

ಇಬ್ಬರೂ ಬದುಕಿದರು. ಕಿರಿಯವನು ಐಲಿಫ್,
ಎಡಗೈಯ ಎರಡು ಬೆರಳು ಚಳಿಗೆ ಹೋದವು.

ಆ ಹನ್ನೊಂದು ನಿಮಿಷದ ಸರಾಸರಿ ಲೆಕ್ಕ ಹಾಕಿದೆ.
ಮೂವತ್ತೆಂಟೂ ಚಿಲ್ಲರೆ.
ಸಾವಿರಾರು ಕಪ್ಪು ಚೌಕಗಳು ಸರಿಯಿದ್ದವು,
ಒಂದು ತಪ್ಪಿತ್ತು.
ಮತ್ತೆ ಲೆಕ್ಕ ಹಾಕಿದೆ. ಅದೇ ಬಂತು.

ಹೊಸ್ತಿಲು ಇಳಿಸಿದೆ, ಕಗ್ಗತ್ತಲ ಚೌಕಗಳಿಗೆ ಮಾತ್ರ.
ಬಿಟ್ಟುಗಳು ನೂರಕ್ಕೆ ಒಂಬತ್ತು ಹೆಚ್ಚಿದವು.
ನಮ್ಮ ಪ್ರಬಂಧದ ಪರಿಶೀಲಕ ಕೇಳಿದ:
ಈ ಒಂಬತ್ತಕ್ಕೆ ಸಮರ್ಥನೆ ಏನು?
ಐದನೇ ಕೋಷ್ಟಕ ನೋಡಿ ಎಂದು ಬರೆದೆ.
ಐದನೇ ಕೋಷ್ಟಕದಲ್ಲಿ ಅಂಕಿಗಳಿವೆ, ಐಲಿಫ್ ಇಲ್ಲ.
ಹಾಲ್ವರ್ಡ್ ಈಗಲೂ ವಾದಿಸುತ್ತಾನೆ: ಕ್ಯಾಮೆರಾ ಬದಲಿಸಬಹುದಿತ್ತು,
ದಾರಿಯನ್ನೇ ಅಗಲ ಮಾಡಬಹುದಿತ್ತು.
ಅವನದೂ ಸುಳ್ಳಲ್ಲ. ಹಣ ಯಾರು ಕೊಡುತ್ತಾರೆ ಎಂದರೆ
ಕಾಫಿ ಲೋಟ ತಿರುಗಿಸುತ್ತಾನೆ.

ಮೊನ್ನೆ ರಾತ್ರಿ ಎರಡು ಗಂಟೆಗೆ ಗುಡ್‌ಲೌಗ್ ಫೋನು.
ಎದೆ ಧಸಕ್ಕೆಂದಿತು.
"ಏನಿಲ್ಲ, ಹೆದರಬೇಡ. ಒಂದು ದೋಣಿಯೂ ಇಲ್ಲ.
ಬರೀ ಹಿಮ. ಆದರೆ ಈಗ ಒಂದೊಂದೂ ಕಾಣುತ್ತೆ,
ಹೇಳೋಣ ಅನ್ನಿಸಿತು."
ನಾನೂ ಪರದೆ ತೆರೆದೆ.
ಸುರಿಯುತ್ತಲೇ ಇತ್ತು.
ಕರೆಯದೆ ಬಂದ ನೆಂಟರು, ಲೆಕ್ಕವಿಲ್ಲದಷ್ಟು.
ಒಬ್ಬೊಬ್ಬರಿಗೂ ಎಲೆ ಹಾಕುತ್ತ ಕೂತೆ.