ಹೊಗೆಮನೆಯ ಬೀದಿ

ಹದಿನಾಲ್ಕು ತಿಂಗಳಾಯಿತು.
ಈ ಬೀದಿಯಲ್ಲಿ ಈಗ ಮೀನುಗಳು ಮಾತ್ರ
ರಾತ್ರಿಯಿಡೀ ಹೊಗೆ ಕುಡಿಯುತ್ತವೆ,
ಗ್ರಿಮ್ಸ್‌ಬಿಯ ಹಳೆಯ ಇಟ್ಟಿಗೆಯ ಹೊಗೆಮನೆಗಳಲ್ಲಿ
ಕಬ್ಬಿಣದ ಕಡ್ಡಿಗೆ ಸಾಲಾಗಿ ಜೋತು,
ಬೆಳಗಾಗುವಷ್ಟರಲ್ಲಿ ಹೊನ್ನಿನ ಬಣ್ಣ.
ನನಗೂ ಬಂದಿತ್ತು ಆ ಬಣ್ಣ, ಎರಡು ಬೆರಳಿಗೆ.

ಮೂಗು ವಾಪಸು ಬರುತ್ತದೆ ಅಂದಿದ್ದಳು ನರ್ಸು,
ಮಲ್ಲಿಗೆಯೇ ವಾಪಸು ಬರುತ್ತದೆ ಅನ್ನುವ ಹಾಗೆ.
ಬಂತು. ಬಂದ ದಿನವೇ
ಒಂಬತ್ತು ವರ್ಷ ನನ್ನ ಕೂದಲಲ್ಲಿ, ಜಾಕೆಟ್ಟಿನಲ್ಲಿ, ಬುತ್ತಿಯ ಡಬ್ಬಿಯಲ್ಲಿ
ಸಂಸಾರ ಹೂಡಿದ್ದ ಹ್ಯಾಡಕ್ ಮೀನಿನ ನಾತ
ಒಮ್ಮೆಗೇ ಎದ್ದು ಕೂತಿತು.
ಓ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತಿದ್ದುದು
ಸಿಗರೇಟಿಗಲ್ಲ. ಬಣ್ಣಕ್ಕೂ ಅಲ್ಲ.
ಕೆಲವರ ಮೇಲಾದರೂ ಸುಮ್ಮನೆ ಸಿಟ್ಟಾಗಿದ್ದೆ.

ಹತ್ತೂವರೆಗೆ ಬೆಲ್ಲು. ಹತ್ತೇ ನಿಮಿಷ.
ಕಾರ್ಖಾನೆಯ ಹಿಂದೆ, ಕ್ರೇಟುಗಳ ಮರೆಯಲ್ಲಿ
ಲಿಥುವೇನಿಯಾದ ದೈವಾ ನಿಂತಿರುತ್ತಾಳೆ.
ದೈವ ಎಂದರೆ ನಮ್ಮಲ್ಲಿ ಏನೆಂದು ಹೇಳಿದ ದಿನ
ನಕ್ಕು ನಕ್ಕು ಹೊಗೆ ನೆತ್ತಿಗೇರಿಸಿಕೊಂಡಿದ್ದಳು.
ಅವಳ ಗಂಡ ಹೊಡೆದದ್ದು,
ನನ್ನವನು ಹೊಡೆಯದೆಯೇ ಹೊರಟುಹೋದದ್ದು,
ಎಲ್ಲ ಒಂದೇ ಲೈಟರಿನ ಬೆಳಕಿನಲ್ಲಿ ಹೇಳಿಕೊಂಡೆವು.
ಈಗಲೂ ಹೋಗಿ ನಿಲ್ಲುತ್ತೇನೆ, ಕೈ ಎಲ್ಲಿಡಬೇಕೋ ತಿಳಿಯದೆ.
ಅವಳು ಮುಖ ಆಚೆ ತಿರುಗಿಸಿ ಊದುತ್ತಾಳೆ, ನನಗೆ ತಾಗದಂತೆ.
ಆ ಮರ್ಯಾದೆಯನ್ನು ಏನು ಮಾಡಲಿ?
ಅರ್ಧ ಮಾತು ಹಂಬರ್ ನದಿಯ ಕಡೆಗೆ ಹಾರಿಹೋಗುತ್ತದೆ.

ಉಸಿರು ಚೆನ್ನಾಗಿದೆ. ಅದು ಸುಳ್ಳಲ್ಲ.
ಮೂರು ಮಹಡಿ, ಎಲ್ಲೂ ನಿಲ್ಲದೆ.
ಕೆಮ್ಮು ಹೋಗಿ ಬೆಳಗಿನ ಐದು ಗಂಟೆ ಎಷ್ಟು ತಣ್ಣಗಾಯಿತೆಂದರೆ
ಪಕ್ಕದ ಮನೆಯ ಮುದುಕ ಕದ ತಟ್ಟಿ
ಬದುಕಿದ್ದೀಯಾ ಎಂದು ವಿಚಾರಿಸಿದ.

ಲೈಟರು ಮಾತ್ರ ಇನ್ನೂ ಜೇಬಿನಲ್ಲಿದೆ.
ಬಸ್ ಸ್ಟಾಪಿನಲ್ಲಿ ಯಾರಾದರೂ ಬೆಂಕಿ ಕೇಳಿದರೆ
ಅಂಗೈಯನ್ನೇ ಗುಡಿಸಲು ಮಾಡಿ ಹಿಡಿಯುತ್ತೇನೆ.
ಗುರುತಿಲ್ಲದ ಒಂದು ಮುಖ
ಗಳಿಗೆ ಮಟ್ಟಿಗೆ ಕೆಂಪಾಗಿ ಬಾಗುತ್ತದೆ.
ಅಷ್ಟು ಸಾಕು.
ಅಷ್ಟು ಸಾಲದ ದಿನ
ಜಾಕೆಟ್ಟಿನ ತೋಳಿನಲ್ಲಿರುವ ಸುಟ್ಟ ತೂತಿಗೆ
ಬೆರಳು ತೂರಿಸಿಕೊಂಡು ಕೂರುತ್ತೇನೆ.

ಭಾನುವಾರ ಗುಳೇದಗುಡ್ಡದಿಂದ ಅವ್ವನ ಫೋನು.
'ಮತ್ತ ಏನರೆ ವಿಶೇಷ?'
ಹಿಡಿದದ್ದನ್ನೇ ಹೇಳದವಳು
ಬಿಟ್ಟದ್ದನ್ನು ಯಾವ ಬಾಯಿಂದ ಹೇಳಲಿ?
ಹುಟ್ಟಿದಾಗಿನಿಂದ ನಾನು ಗೆದ್ದ ಒಂದೇ ಒಂದು ಕುಸ್ತಿ.
ನೋಡಿದವರಿಲ್ಲ, ಹಲಗೆಯಿಲ್ಲ, ಬೆಳ್ಳಿ ಕಡಗವಿಲ್ಲ.
'ಏನಿಲ್ಲ ಬಿಡವ್ವ, ಆರಾಮದೀನಿ.'

ಆಚೆ ತುಸು ಹೊತ್ತು ಸದ್ದಿಲ್ಲ. ಆಮೇಲೆ
ತಗಡಿನ ಡಬ್ಬಿಯ ಮುಚ್ಚಳ, ಟಿಕ್ ಎಂದು.
ನಲವತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲವೆಂದು
ಅವಳು ನಂಬಿರುವ ಕಡ್ಡಿಪುಡಿ.
'ನಿನ್ನ ದನಿ ತಿಳಿ ಆಗೇತಲ್ಲ ಚನ್ನೀ' ಅಂದಳು
ತುಟಿಯ ಒಳಗೆ ಅದನ್ನು ಒತ್ತಿಕೊಂಡೇ,
'ಮೊದಲ ಗೊರಗೊರ ಅಂತಿತ್ತು.'